ಮಡಕೆ ಬಿಡದ ಬುಟ್ಟಿ

ನೆನೆದ ಮೆಂತ್ಯದ ವಾಸನೆ ಮೂಗಿಗೆ ಬಿದ್ದರೆ ಬೇರೆಯವರಿಗೆ ದೋಸೆ ನೆನಪಾಗಬಹುದು. ನನಗೆ ಮೊದಲು ಬರುವುದು ದಿಗಿಲು. ಅಶ್ವಿನಿ ಮಳೆ ಹೇಳದೆ ಕೇಳದೆ ಸುರಿದುಬಿಡಬಹುದು. ಪಕ್ಕದ ಮನೆಯ ಮೇಕೆ ಹಗ್ಗ ಕಿತ್ತುಕೊಂಡು ಬಂದು ಅಂಗಳದಲ್ಲಿ ಒಣಗಲು ಇಟ್ಟದ್ದನ್ನೆಲ್ಲ ಮೇಯಬಹುದು. ಗಾಳಿಗೆ ಮಡಕೆ ಉರುಳಿ ಜಗುಲಿಯಿಂದ ಬೀಳಬಹುದು. ಬುಟ್ಟಿಗೆಂದು ನೆನೆಹಾಕಿದ ಕಾಗದ ಸರಿಯಾಗಿ ನೆನೆಯದೆ ಗಂಟುಗಂಟಾಗಬಹುದು, ಇಲ್ಲವೇ ಹೆಚ್ಚು ನೆನೆದು ಹುಳ ಬೀಳಬಹುದು. ಪುಟ್ಟ ತಂಗಿ ಅದನ್ನು ಹಿಟ್ಟೆಂದುಕೊಂಡು ನುಂಗಿ, ಅದು ಅವಳ ಹೊಟ್ಟೆಯೊಳಗೇ ಬುಟ್ಟಿಯಾಗಿ ಗಟ್ಟಿಗೊಳ್ಳಬಹುದು. ಈ ಕೊನೆಯದನ್ನು ಯೋಚಿಸಿ ಯೋಚಿಸಿ ನಾನೊಂದು ಮಧ್ಯಾಹ್ನ ಊಟವನ್ನೇ ಬಿಟ್ಟಿದ್ದೆ. ಈಗ ಐವತ್ತು ದಾಟಿದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ಓಡಿಬರುವ ಗಿರಾಕಿ ನಾನು. ರೋಗ ಹಳೆಯದು.

ನಮ್ಮ ಮನೆ ದೊಡ್ಡಬಳ್ಳಾಪುರದ ಅಂಚಿನಲ್ಲಿತ್ತು. ಮಗ್ಗದ ಸದ್ದು ಮುಗಿದು ರಾಗಿ ಹೊಲ ಶುರುವಾಗುವ ಕಡೆ. ಯುಗಾದಿ ಕಳೆದು, ಹೊಲದಲ್ಲಿ ಕೆಲಸವಿಲ್ಲದೆ, ಶಾಲೆಗೆ ರಜ ಬಂದು ನಾವು ಮಕ್ಕಳು ಮನೆಯವರ ಕಾಲಿಗೆ ತೊಡರುವ ಹೊತ್ತಿಗೆ ನಂಜತ್ತೆ ಕಾಗದದ ಬುಟ್ಟಿ ಮಾಡಲು ಕೂರುತ್ತಿದ್ದಳು. ಅವಳು ಅಪ್ಪನ ಅಕ್ಕ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಮತ್ತೆ ಹೊಸಿಲು ದಾಟಿರಲಿಲ್ಲ. ಅಂಗಡಿಯಿಂದ ತಂದ ಹಳೆಯ ಪೇಪರು, ನಾವು ಪಾಸಾದ ತರಗತಿಯ ಹರಿದ ಪುಸ್ತಕಗಳು, ಎಲ್ಲವನ್ನೂ ಚೂರು ಮಾಡಿ ಬಾನಿಯಲ್ಲಿ ನೆನೆಹಾಕುವುದು ನಮ್ಮ ಕೆಲಸ. ನೆನೆದದ್ದನ್ನು ಹಿಂಡುವುದೂ ನಮ್ಮದೇ. "ಲೇ, ಬೆಕ್ಕಿನ್ ಮರಿ ಸವರ್ದಂಗೆ ಸವರ್ತೀಯಲ್ಲೋ, ಎಮ್ಮೆ ಕರ್ದಂಗೆ ಹಿಂಡೋ!" ಎಂದು ನನ್ನ ಕೈಮೇಲೆ ತಟ್ಟುತ್ತಿದ್ದಳು. ಆಮೇಲೆ ಮೆಂತ್ಯ ಸೇರಿಸಿ ಒರಳಲ್ಲಿ ರುಬ್ಬುವುದು. ಬೋರಲು ಹಾಕಿದ ಮಡಕೆಯ ಮೇಲೆ ಎಲ್ಲರೂ ಸುತ್ತ ಕೂತು ಅದನ್ನು ತಟ್ಟುವುದು. ಆ ತಣ್ಣನೆಯ ಮೆತ್ತನೆಯ ಮುದ್ದೆ, ಅದರ ಕಹಿ ವಾಸನೆ, ಬೆರಳಿನ ಸಂದಿಯಲ್ಲಿ ಸಿಕ್ಕಿಕೊಂಡು ರಾತ್ರಿ ಊಟಕ್ಕೂ ಜೊತೆಗೆ ಬರುತ್ತಿತ್ತು. ತಟ್ಟುವ ಮೊದಲು ಮಡಕೆಗೆ ಒಲೆಬೂದಿ ಸವರುವುದನ್ನು ಮಾತ್ರ ಅತ್ತೆ ಯಾರ ಕೈಗೂ ಕೊಡುತ್ತಿರಲಿಲ್ಲ. ಬೂದಿ ಇಲ್ಲದಿದ್ದರೆ ಒಣಗಿದ ಬುಟ್ಟಿ ಮಡಕೆಯನ್ನು ಬಿಡುವುದಿಲ್ಲ. ಹಾಗಾಗಿ ನಮ್ಮ ಮನೆಯ ಬುಟ್ಟಿಗಳ ಒಳಮೈ ಯಾವಾಗಲೂ ಬೂದಿಬಣ್ಣ. ನಿಮ್ಮ ಮನೆಯ ಅಟ್ಟದಲ್ಲೂ ಅಂಥದ್ದೊಂದು ಸಂಡಿಗೆ ತುಂಬಿಕೊಂಡು ಕೂತಿದ್ದಿರಬೇಕು. ಈಗ ಎಲ್ಲಿ ಹೋಯಿತೋ ನಿಮಗೂ ಗೊತ್ತಿರಲಾರದು.

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಅಪ್ಪ, ಚಿಕ್ಕಪ್ಪ ಪಾಲಾದರು. ಜಗಳವೇನೂ ಇರಲಿಲ್ಲ, ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತೇನೋ. ಚಿಕ್ಕಪ್ಪನಿಗೆ ಹೊಸಕೋಟೆ ಕಡೆ ಫ್ಯಾಕ್ಟರಿಯಲ್ಲಿ ಕೆಲಸ, ಹೆಂಡತಿ ಬಸುರಿ. ಹೊಲಕ್ಕೆ ಬದು ಬಿತ್ತು, ಹಂಡೆ ಇವರಿಗೆ, ಕೊಳಗ ಅವರಿಗೆ ಎಂದಾಯಿತು. ಎಲ್ಲ ಮುಗಿದ ಮೇಲೆ ಉಳಿದವಳು ಅತ್ತೆ.

"ಬಾಣಂತನಕ್ಕೆ ನಮ್ಗ್ಯಾರವ್ರೆ ಅಕ್ಕ? ನೀನೇ ಬಂದ್ಬಿಡು," ಎಂದ ಚಿಕ್ಕಪ್ಪ. ಅಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತ ಕೂತಿದ್ದ. ಹೋಗಬೇಡ ಅನ್ನಲಿಲ್ಲ. ಅತ್ತೆ ಒಮ್ಮೆ ಅಪ್ಪನ ಮುಖ ನೋಡಿದಳು.

"ಕಾಗ್ದ ನೆನೆಹಾಕ್ಬಿಟ್ಟಿದೀನಿ ಕಣಪ್ಪಾ. ಈ ಬುಟ್ಟಿ ಒಂದು ಒಣಗ್ಲಿ, ಬರ್ತೀನಿ," ಎಂದಳು.

ಅಲ್ಲಿಗೆ ನಾನು ಪಕ್ಷ ಬದಲಾಯಿಸಿದೆ. ಇಷ್ಟು ವರ್ಷ ಯಾವುದಕ್ಕೆಲ್ಲ ಹೆದರಿದ್ದೆನೋ ಅದೆಲ್ಲ ಆಗಲಿ ಎಂದು ಹರಕೆ ಹೊತ್ತೆ. ಘಾಟಿ ಸುಬ್ಬಪ್ಪನಿಗೆ ಮುಡಿ ಕೊಡುತ್ತೇನೆ, ಮಳೆಯೊಂದನ್ನು ಕಳಿಸು ಎಂದು ಕೇಳಿಕೊಂಡೆ. ಮೇಕೆಯನ್ನು ನಾನೇ ಬಿಚ್ಚಿ ತಂದು ಬುಟ್ಟಿಯ ಮುಂದೆ ನಿಲ್ಲಿಸಿದೆ. ಅದು ಮೂಸಿ, ಸೀನಿ, ತಿರುಗಿ ಹೋಯಿತು. ತಂಗಿಗೆ "ನೆಕ್ಕೇ, ಸಿಹಿಯಾಗೈತೆ" ಎಂದೆ. ನನಗಿಂತ ಜಾಣೆ, ನಾಲಗೆ ಚಾಚಿ ಅಣಕಿಸಿದಳು. ಮೋಡ ಕಟ್ಟಿತು, ಕರಗಿತು. ಗಾಳಿ ಬಂತು, ಮಡಕೆ ಕದಲಲಿಲ್ಲ. ಅತ್ತೆ ದಿನಾ ಅದನ್ನು ಬಿಸಿಲಿನ ಜೊತೆ ಜೊತೆಗೇ ಸರಿಸುತ್ತಿದ್ದಳು. ಅವಳಿಗೆ ಹೋಗುವ ಆಸೆಯೇನೋ ಎಂದು ನನಗೆ ಅಳು ಬಂತು. ಬಿಸಿಲು ಮಾತ್ರ ಒಂದು ದಿನವೂ ತಪ್ಪಲಿಲ್ಲ. ಬುಟ್ಟಿ ಬೆರಳಲ್ಲಿ ತಟ್ಟಿದರೆ ಟಕ್ ಟಕ್ ಎನ್ನುವಂತೆ ಒಣಗಿತು.

ಹೊರಡುವ ಬೆಳಿಗ್ಗೆ ಅತ್ತೆ ಗಂಟು ಬದಿಗಿಟ್ಟು ಬುಟ್ಟಿ ಬಿಡಿಸಲು ಕೂತಳು. ಬಿಡಲಿಲ್ಲ. ಅಂಚಿಗೆ ಕುಡುಗೋಲಿನ ತುದಿ ಕೊಟ್ಟು ನೋಡಿದಳು, ಸುತ್ತಲೂ ಕುಟ್ಟಿದಳು. ಚಿಕ್ಕಪ್ಪ ಗಂಟು ಎತ್ತಿಕೊಂಡು ಚಡಪಡಿಸುತ್ತಿದ್ದ. "ಮಡ್ಕೆ ಒಡ್ದಾಕಕ್ಕ, ಬಸ್ ಹೊಂಟೋಯ್ತದೆ!"

"ಬಿಡ್ತು ಅನ್ನಪ್ಪಾ!" ಅಮ್ಮ ಒಳಗಿನಿಂದಲೇ ಕಿರುಚಿದಳು. "ಮನೆಯಿಂದ ಹೊರಡೋವಾಗ ಯಾರಾದ್ರೂ ಮಡ್ಕೆ ಒಡೀತಾರಾ?"

ಮಡಕೆ ಒಡೆಯುವುದು ಯಾರನ್ನು ಕಳಿಸುವಾಗ ಎಂದು ನನಗೂ ಗೊತ್ತಿತ್ತು. ಅತ್ತೆ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ನಕ್ಕಳು. "ಇರ್ಲಿ ಬಿಡ್ರೇ. ಮುಂದಿನ್ ಬೇಸ್ಗೆಗೆ ಬಂದು ನಾನೇ ಬಿಡುಸ್ತೀನಿ. ಲೇ, ಆ ಮೇಕೆ ಕರ್ಕೊಂಬರ್ಬೇಡ ಕಣೋ." ಅವಳು ನೋಡಿದ್ದಳು.

ನಾನು ಗೆದ್ದೆ ಅಂದುಕೊಂಡೆ. ಬುಟ್ಟಿ ಇಲ್ಲಿ ಸಿಕ್ಕಿಕೊಂಡಿರುವವರೆಗೆ ಅವಳು ಬರಲೇಬೇಕಲ್ಲ! ಮಡಕೆಯನ್ನು ಬುಟ್ಟಿ ಸಮೇತ ಅಟ್ಟಕ್ಕೆ ಏರಿಸಿ, ಇಲಿ ಬಂದೀತು, ಸೋರೀತು ಎಂದು ಮತ್ತೆ ಹಳೆಯ ದಿಗಿಲಿಗೆ ಮರಳಿದೆ. ಮುಂದಿನ ಬೇಸಿಗೆಗೆ ಚಿಕ್ಕಪ್ಪನ ಕೂಸು ಅತ್ತೆಯ ಕಂಕುಳು ಬಿಡುತ್ತಿರಲಿಲ್ಲವಂತೆ, ಅವಳು ಬರಲಿಲ್ಲ. ಅದರಾಚೆಯ ಬೇಸಿಗೆಗೆ ಮೊದಲೇ ಅವಳಿಗೆ ಜ್ವರ ಬಂತು. ತೀರಿಕೊಂಡ ಸುದ್ದಿ ಬಂದಾಗ ಅಪ್ಪ ಒಬ್ಬನೇ ಹೋಗಿ ಬಂದ. ಜಗುಲಿಯ ಮೇಲೆ ಕೂತು, ಬೇಡ ಅನ್ನಬೇಕಿತ್ತು ಎಂದಷ್ಟೇ ಹೇಳಿದ, ಯಾರಿಗೂ ಅಲ್ಲ. ನಮ್ಮ ಮನೆಯಲ್ಲಿ ಮತ್ತೆ ಯಾರೂ ಕಾಗದ ನೆನೆಹಾಕಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಆ ಮನೆ ಕೆಡವುವ ಮುಂಚಿನ ದಿನ ನಾನು ಅಟ್ಟ ಹತ್ತಿದೆ. ಮಡಕೆ ಇತ್ತು. ಅಂಚನ್ನು ಇಲಿ ಕಡಿದಿತ್ತು, ಉಳಿದದ್ದರ ಮೇಲೆ ಅವಳ ಬೆರಳುಗಳು ತಟ್ಟಿದ ತಗ್ಗುಗಳು ಹಾಗೇ ಇದ್ದವು. ಪಕ್ಕದಲ್ಲಿ ನನ್ನವು, ಚಿಕ್ಕವು. ಮುಟ್ಟಿದರೆ ಒಂದು ಚೂರು ತಾನಾಗಿ ಕೈಗೆ ಬಂತು. ತಿರುಗಿಸಿ ನೋಡಿದೆ. ಒಳಮೈ ಬೂದಿಬಣ್ಣವಿರಲಿಲ್ಲ, ಮಡಕೆಯ ಕೆಂಪು ಅಂಟಿತ್ತು.

ಮಳೆ ಬರಲಿಲ್ಲ, ಮೇಕೆ ತಿನ್ನಲಿಲ್ಲ, ಮಡಕೆ ಉರುಳಲಿಲ್ಲ, ತಂಗಿ ನುಂಗಲಿಲ್ಲ. ಯಾರ ಕೈಗೂ ಕೊಡದೆ ಪ್ರತಿ ವರ್ಷ ತಾನೇ ಬೂದಿ ಸವರುತ್ತಿದ್ದವಳು, ಆ ವರ್ಷ ಸವರುವುದನ್ನು ಮರೆತಿದ್ದಳು.