ಲಿಂಗವಿಲ್ಲದ ಪೀಠ ನೋಡಲು ಹೊರಟವರು

ಚಿಕ್ಕತ್ತೆ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿದ್ದರು. ಅವರ ತಾಳಿಸರದಲ್ಲಿ ಸೇಫ್ಟಿ ಪಿನ್ನುಗಳದೊಂದು ಗೊಂಚಲು, ಅದರ ಪಕ್ಕದಲ್ಲೇ ಶಿವದಾರದಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ನಡೆದರೆ ಎರಡೂ ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ನಡೆಯದೆ ಇದ್ದದ್ದಾದರೂ ಯಾವಾಗ? ಕೂತು ಕಾಫಿ ಕುಡಿದವರಲ್ಲ ಅವರು. ಒಲೆಯ ಪಕ್ಕ ನಿಂತೇ ಕುಡಿದು, ಲೋಟ ತೊಳೆದಿಟ್ಟು, "ಮತ್ತೇನು ಸಮಾಚಾರ?" ಅನ್ನುವಷ್ಟರಲ್ಲಿ ಬಾಗಿಲಲ್ಲಿರುತ್ತಿದ್ದರು.

ನಮ್ಮ ಅತ್ತೆಯ ತಂಗಿ ಅವರು. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ಮನೆ; ಚಿಕ್ಕಮಾವನಿಗೆ ಕಾರ್ಖಾನೆಯಲ್ಲಿ ಕೆಲಸ. ನಾನು ಮದುವೆಯಾಗಿ ಶಿವಮೊಗ್ಗದ ಹೊಸಮನೆ ಬಡಾವಣೆಗೆ ಬಂದಾಗ, "ನಿಂಗೇನು ಇಷ್ಟ ಕಣೇ?" ಎಂದು ಕೇಳಿದ ಮೊದಲ ಹಿರಿಯರು ಅವರೇ. ಕೇಳಿದರಲ್ಲ, ಅದೇ ದೊಡ್ಡದು ಎಂದುಕೊಂಡಿದ್ದೆ.

ಎರಡು ಸಾವಿರದ ಇಸವಿಯ ಈಚೆಗಿನ ಮಾತು. ಒಂದು ಬೆಳಿಗ್ಗೆ ಭದ್ರಾವತಿ ಬಸ್ಸಿಳಿದು ನೇರ ಅಡುಗೆಮನೆಗೆ ಬಂದವರು ವಾರಪತ್ರಿಕೆಯೊಂದನ್ನು ಹಿಟ್ಟಿನ ಡಬ್ಬದ ಮೇಲೆ ಹರಡಿದರು. ಕಾಂಬೋಡಿಯಾದ ಪಾಳುಬಿದ್ದ ಗುಡಿಗಳ ಚಿತ್ರಗಳು. ಒಂದರಲ್ಲಿ ಲಿಂಗವಿಲ್ಲದ ಪಾಣಿಪೀಠ. ಲಿಂಗವಿರಬೇಕಾದ ಗುಂಡಿಯಲ್ಲಿ ಒಣಗಿದ ಎಲೆ.

"ನೋಡೇ. ಅಷ್ಟು ದೊಡ್ಡ ಗುಡಿ. ಒಂದು ದೀಪ ಹಚ್ಚೋರಿಲ್ಲ."

"ಪಾಪ" ಎಂದೆ.

"ಪಾಪ ಅಂದ್ರೆ ಆಯ್ತಾ? ಹೋಗಿ ಒಂದು ಪೂಜೆ ಮಾಡ್ಕೊಂಡು ಬರ್ತೀನಿ. ನೀನೂ ಬಾ."

ಹಿಂದೆಯೇ ಬಂದಿದ್ದ ಚಿಕ್ಕಮಾವ ನಕ್ಕರು. "ಕೊರಳಲ್ಲೇ ಲಿಂಗ ಕಟ್ಕೊಂಡಿರೋ ನಮಗೆ ಆ ಸ್ಥಾವರ ಯಾಕೆ? ಅದೂ ಲಿಂಗನೇ ಇಲ್ದಿರೋ ಪೀಠ!"

"ಇಲ್ಲ ಅಂತಾನೇ ಹೋಗೋದು ರೀ. ನಂದು ನನ್ನ ಜೊತೆ ಇದ್ಯಲ್ಲ. ಅಲ್ಲಿ ಕೂತು ಅಂಗೈಯಲ್ಲಿಟ್ಟು ಪೂಜೆ ಮಾಡ್ತೀನಿ. ಆ ಜಾಗಕ್ಕೆ ನೀರಿನ ಸದ್ದಾದ್ರೂ ಕೇಳ್ಲಿ."

ನಮ್ಮ ಮನೆಯವರು ಬೇಡ ಅನ್ನಲಿಲ್ಲ. ಅದು ದೇವರ ದಯೆ. ಶಿವಮೊಗ್ಗದ ಟ್ರಾವೆಲ್ಸಿನ ಹುಡುಗ, ನಾಲ್ಕು ದಿನ ಬ್ಯಾಂಕಾಕಿನಲ್ಲಿ ಶಾಪಿಂಗ್, ಗುಡಿಗಳಿಗೆ ಅರ್ಧ ದಿನ ಎಂದ. ಚಿಕ್ಕತ್ತೆ ಕುರ್ಚಿ ಬಿಟ್ಟು ಎದ್ದೇಬಿಟ್ಟರು. "ಅರ್ಧ ದಿನದಲ್ಲಿ ನಮ್ಮ ಬಳ್ಳಿಗಾವಿನೇ ಮುಗಿಯಲ್ಲ ಮಾರಾಯ! ತಿರುಗಿಸಿ ಹಾಕು." ಅವನು ತಿರುಗಿಸಿಯೇ ಹಾಕಿದ. ಹೊರಡುವಾಗ ಮಾತ್ರ ಒಂದು ಮಾತು ಸೇರಿಸಿದ. "ಏರ್‌ಪೋರ್ಟಲ್ಲಿ ತಾಳಿ ತೆಗೆಸಲ್ಲ ಅಮ್ಮ. ಬೇರೆ ಮೆಟಲ್ ಏನಿದ್ರೂ ಬಿಚ್ಚಿ ಟ್ರೇಗೆ ಹಾಕ್ಬೇಕಾಗುತ್ತೆ."

ಚಿಕ್ಕತ್ತೆಯ ಕೈ ಕರಡಿಗೆಯ ಮೇಲೆ ಹೋಯಿತು.

ಲಿಂಗ ಮೈಯಿಂದ ಅಗಲಿದರೆ ಪ್ರಾಣ ಅಗಲಿದಂತೆ ಎಂದು ನಂಬಿ ಬೆಳೆದವರು ಅವರು. ಹೆರಿಗೆಯಲ್ಲೂ ತೆಗೆದಿರಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಫೋನು. "ಬೆಲ್ಟು, ಬಳೆಗಳ ಜೊತೆ ಟ್ರೇನಲ್ಲಿ ಶಿವನ್ನ ಮಲಗಿಸೋದೇನೇ?" ಮರುಕ್ಷಣ, "ಆದ್ರೆ ಹೋಗದೆ ಇರೋಕೂ ಆಗ್ತಿಲ್ಲ ಕಣೇ." ಚಿಕ್ಕಮಾವ ಖಡಾಖಂಡಿತ ಹೇಳಿದ್ದರು: ತೆಗೆ ಅಂದರೆ ಅಲ್ಲಿಂದಲೇ ವಾಪಸ್ ಬರಬೇಕು. ಚಿಕ್ಕತ್ತೆ ಒಪ್ಪಿದ್ದರು. ಒಪ್ಪಿದ ಮೇಲೆ ಬ್ಯಾಗು ತುಂಬುವುದು, ಖಾಲಿ ಮಾಡುವುದು, ಮತ್ತೆ ತುಂಬುವುದು. ಅವರ ಚಡಪಡಿಕೆ ನನಗೂ ಅಂಟಿತು. ಐದು ದಿನ ನಾನಿಲ್ಲದೆ ಈ ಮನೆಯಲ್ಲಿ ಹಾಲು ಕಾಯಿಸುವವರು ಯಾರು, ದೇವರ ಮುಂದೆ ದೀಪ ಇಡುವವರು ಯಾರು ಎಂಬ ಯೋಚನೆಯಲ್ಲಿ ಅನ್ನಕ್ಕಿಟ್ಟು ಮರೆಯುತ್ತಿದ್ದೆ.

ಅಕ್ಕಿ ಆರಿಸುತ್ತ ಕೂತಿದ್ದಾಗ ನನಗೆ ಹೊಳೆಯಿತು. ಲಿಂಗ ಕಲ್ಲಿನದು, ಬೆಳ್ಳಿಯದು ಕರಡಿಗೆ ಮಾತ್ರ. ನಮ್ಮ ಅಜ್ಜಿ ಬಟ್ಟೆಯಲ್ಲೇ ಲಿಂಗ ಕಟ್ಟಿಕೊಳ್ಳುತ್ತಿದ್ದರು. ಮಡಿಯಾಗಿ ಬಿಳಿ ಬಟ್ಟೆಯಲ್ಲಿ ಪುಟ್ಟ ಚೀಲವೊಂದನ್ನು ಕೈಯಲ್ಲೇ ಹೊಲಿದು ಕೊಟ್ಟೆ. ಚಿಕ್ಕತ್ತೆ ಅದನ್ನು ಕಣ್ಣಿಗೊತ್ತಿಕೊಂಡರು. "ಇಷ್ಟೇನಾ! ನಾನು ಊಟ ಬಿಟ್ಟು ಒಣಗಿದ್ದೆಲ್ಲ ದಂಡ."

ಏರ್‌ಪೋರ್ಟಿನಲ್ಲಿ ಪರದೆಯ ಹಿಂದೆ ಕಾವಲಿನ ಹುಡುಗಿ ಕೈಯಲ್ಲಿದ್ದ ಕೋಲನ್ನು ಚಿಕ್ಕತ್ತೆಯ ಎದೆಯ ಹತ್ತಿರ ತಂದಳು. ಅದು ಕಿರುಚಿತು. ಚಿಕ್ಕತ್ತೆ ಬಟ್ಟೆಯ ಚೀಲವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ನನ್ನ ಕಡೆ ತಿರುಗಿದರು. "ನಡಿಯೇ, ವಾಪಸ್ ಹೋಗೋಣ."

ಹುಡುಗಿ ಸೆರಗಿನ ಮರೆಯ ತಾಳಿಸರದಿಂದ ಬೆರಳಲ್ಲಿ ಎತ್ತಿದ್ದು ಪಿನ್ನಿನ ಗೊಂಚಲು! ತಿಂಗಳಿಡೀ ಲಿಂಗದ ಚಿಂತೆ ಮಾಡಿದ ನಮಗಿಬ್ಬರಿಗೂ ಅದರ ನೆನಪೇ ಆಗಿರಲಿಲ್ಲ. ಪಿನ್ನುಗಳು ಟ್ರೇಗೆ ಹೋದವು. ಕೋಲು ಬಟ್ಟೆಯ ಚೀಲದ ಮೇಲೆ ಸುಮ್ಮನೆ ಹಾದುಹೋಯಿತು.

"ಶಿವ ತೆಪ್ಪಗಿದ್ದ. ಗಲಾಟೆ ಮಾಡಿದ್ದೆಲ್ಲ ಪಿನ್ನು!" ಎಂದು ವಿಮಾನ ಹತ್ತಿದ ಮೇಲೂ ನಗುತ್ತಿದ್ದರು.

ಕಾಂಬೋಡಿಯಾದ ಗುಡಿಯೊಂದರ ಕತ್ತಲೆ ಪಡಸಾಲೆಯಲ್ಲಿ ಅಂಥದೇ ಬರಿದಾದ ಪೀಠ ಸಿಕ್ಕಿತು. ಅದರ ಮುಂದೆ ಬಿಳಿ ಬಟ್ಟೆಯ, ತಲೆ ಬೋಳಿಸಿಕೊಂಡ ಮುದುಕಿಯೊಬ್ಬಳು ಚಾಪೆ ಹಾಸಿ ಊದುಬತ್ತಿ ಹಚ್ಚುತ್ತಿದ್ದಳು. ಹಳೆಯ ಬೂದಿಯ ರಾಶಿ ನೋಡಿದರೆ ದಿನವೂ ಹಚ್ಚುತ್ತಾಳೆ ಎಂದು ಗೊತ್ತಾಗುತ್ತಿತ್ತು. ಚಿಕ್ಕತ್ತೆ ನಿಂತಲ್ಲೇ ನಿಂತರು.

"ಅಯ್ಯೋ ಮಾರಾಯ್ತಿ, ಇಲ್ಲಿ ಯಾರೋ ಒಬ್ರು ಇದ್ದಾರಲ್ಲೇ!"

ಮುದುಕಿ ಸರಿದು ಚಾಪೆಯಲ್ಲಿ ಜಾಗ ಮಾಡಿದಳು. ಚಿಕ್ಕತ್ತೆ ಲಿಂಗವನ್ನು ಅಂಗೈಯಲ್ಲಿಟ್ಟು, ಬಾಟಲಿಯ ನೀರೆರೆದು, ವಿಭೂತಿ ಹಚ್ಚಿ ಪೂಜೆ ಮಾಡಿದರು. ಮುಗಿದ ಮೇಲೂ ಏಳಲಿಲ್ಲ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೂ ಒಂದೇ ಚಾಪೆಯ ಮೇಲೆ ಕೂತೇ ಇದ್ದರು. ನಾನೇ ಕೊನೆಗೆ ಬಸ್ಸಿಗೆ ಹೊತ್ತಾಯಿತು ಎಂದು ಎಬ್ಬಿಸಬೇಕಾಯಿತು.

ಕೆಲವು ವರ್ಷದ ಮೇಲೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಅವರು ಮಲಗಿದ್ದಾಗ ನಾನು ಮಂಚದ ಪಕ್ಕ ಬಿಟ್ಟೇಳದೆ ಕೂತಿದ್ದೆ. ಬೆಳಿಗ್ಗೆ ಅವರೇ ಗದರಿದರು. "ಮನೆಗೆ ಹೋಗಿ ಸ್ನಾನ ಮಾಡಿ ಎರಡು ತುತ್ತು ಉಣ್ಣು. ನೀನು ಕಾದ್ರೆ ನನ್ನ ಉಸಿರು ಜಾಸ್ತಿಯಾಗುತ್ತಾ? ಯಾರೋ ಒಬ್ರು ಇರ್ತಾರೆ ಕಣೇ."

ಸ್ನಾನ ಮಾಡಿ, ಉಂಡು, ಮಧ್ಯಾಹ್ನದ ಬಿಸಿಲಲ್ಲಿ ತಿರುಗಿ ಬರುವಷ್ಟರಲ್ಲಿ ಚಿಕ್ಕತ್ತೆ ಹೋಗಿದ್ದರು. ಹೆಸರೂ ಗೊತ್ತಿಲ್ಲದ ನರ್ಸಮ್ಮ ಅವರ ಕೈ ಹಿಡಿದುಕೊಂಡು ಕೂತಿದ್ದಳು. ನನ್ನನ್ನು ಕಂಡ ಮೇಲೂ ತಕ್ಷಣ ಬಿಡಲಿಲ್ಲ.