ಆಡಿನ ಒಪ್ಪಿಗೆ

ನನ್ನ ಮಾವನವರ ಮನೆಯಲ್ಲಿ ಆಡನ್ನು ಕೇಳದೆ ಕಡಿಯುವ ಕ್ರಮ ಇರಲಿಲ್ಲ. ಕೇಳುವುದೆಂದರೆ ಅದರ ತಲೆಗೂ ಬೆನ್ನಿಗೂ ನೀರು ಹಾಕಿ ಕಾಯುವುದು. ಆಡು ತಾನಾಗಿ ಮೈ ಕೊಡಹಿದರೆ ಒಪ್ಪಿತು ಎಂದರ್ಥ. ಕೊಡಹದಿದ್ದರೆ ಕತ್ತಿ ಎತ್ತುವ ಹಾಗಿಲ್ಲ. ಅದಕ್ಕೆ ಕೇಳಿಸುವಷ್ಟು ಹತ್ತಿರದಲ್ಲಿ ಕತ್ತಿ ಮಸೆಯಬಾರದು, ಹಸಿದ ಆಡನ್ನು ತರಬಾರದು, ಹಗ್ಗ ಕುತ್ತಿಗೆಗೆ ಒತ್ತಬಾರದು, ಹೀಗೆ ಮಾವನವರ ಕಾನೂನುಗಳು ಹಲವು. ಮರ್ಕಂಜದ ಆ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಇದನ್ನೆಲ್ಲ ಕೇಳಿ ನನಗೆ ಮೈ ಉರಿದಿತ್ತು. ನನ್ನ ಮದುವೆಗೆ ನನ್ನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಅದು ಐವತ್ತರ ದಶಕದ ಕೊನೆ. ಮದುವೆಯಾದ ವರ್ಷವೇ ನನ್ನ ಗಂಡನಿಗೆ ಚಳಿಜ್ವರ ಹಿಡಿದು, ಮನುಷ್ಯ ಉಳಿಯುವುದೇ ಸಂಶಯ ಎನ್ನುವಂತಾಯಿತು. ಮಗ ಬದುಕಿದರೆ ಆಡು ಕೊಡುತ್ತೇನೆಂದು ಅತ್ತೆ ದೈವಕ್ಕೆ ಹೇಳಿಕೊಂಡರು. ಜ್ವರ ಬಿಟ್ಟಿತು, ಮನೆಗೆ ಆಡಿನ ಮರಿ ಬಂತು, ಸಾಕುವ ಕೆಲಸ ನನ್ನ ತಲೆಗೆ ಬಿತ್ತು. ಕಪ್ಪು ಹೋತ, ಮಹಾ ಪೋಕರಿ. ನನ್ನ ಸೆರಗು ಜಗಿದದ್ದಲ್ಲದೆ ಗಂಡ ತಲೆಗಿಡುವ ಅಡಿಕೆ ಹಾಳೆಯ ಮುಟ್ಟಾಳೆಯನ್ನೂ ಅರ್ಧ ತಿಂದು ಮುಗಿಸಿತ್ತು. ಬೈದರೆ ಬಂದು ಮೈಗೆ ಒರಗುತ್ತಿತ್ತು. ಬೇಸಿಗೆ ಬಂದ ಮೇಲೆ ಇನ್ನೊಂದು ಚಟ ಶುರುವಾಯಿತು. ನಾನು ಬಾವಿಯಿಂದ ನೀರು ಸೇದುವಾಗ ತಲೆ ಒಡ್ಡಿ ನಿಲ್ಲುವುದು. ಪಾಪ ಎಂದು ದಿನವೂ ಒಂದು ಕೊಡಪಾನ ಸುರಿಯುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಸೊಸೆ ಆಡನ್ನು ಮೀಯಿಸುತ್ತಾಳೆಂದು ಗೊತ್ತಾದರೆ ಅತ್ತೆ ಸುಮ್ಮನೆ ಬಿಡುತ್ತಿದ್ದರೇ?

ಹರಕೆಯ ದಿನ ಬೆಳಿಗ್ಗೆಯೇ ಸಂಪಾಜೆಯಿಂದ ಅತ್ತೆಯ ತಮ್ಮ ಬಂದರು. ಒಂದೇ ಪೆಟ್ಟಿಗೆ ಕಡಿಯುವುದರಲ್ಲಿ ಅವರದು ಎತ್ತಿದ ಕೈ. ನೆಂಟರು ಸೇರಿದರು, ಮಸಾಲೆ ಕಡೆದಾಯಿತು. ಮಾವ ಆಡಿಗೆ ಹೊಟ್ಟೆ ತುಂಬ ಹಲಸಿನ ಸೊಪ್ಪು ತಿನ್ನಿಸಿ, ಕೈಮುಗಿದು, ಕೊಡಪಾನದಿಂದ ನೀರು ಹಾಕಿದರು. ಆಡು ಕಣ್ಣು ಮುಚ್ಚಿ ಸುಖವಾಗಿ ನಿಂತಿತು.

"ಕಿವಿ ಆಡಿತು ಭಾವ, ಸಾಕು," ಎಂದರು ಸಂಪಾಜೆಯವರು.

"ಕಿವಿ ಅಲ್ಲ ಮಾರಾಯ, ಮೈ. ನೊಣ ಕೂತರೂ ಕಿವಿ ಆಡ್ತದೆ."

"ಬಾಲವೂ ಆಡಿಸ್ತು!" ಒಳಗಿನಿಂದ ಅತ್ತೆ ಕೂಗಿದರು.

"ಬಾಲವೂ ಆಗುದಿಲ್ಲ."

ಎರಡನೆಯ ಕೊಡಪಾನ ಮುಗಿಯಿತು. ಮೂರನೆಯದಕ್ಕೆ ಆಡು ಇನ್ನೊಂದು ಮಗ್ಗುಲು ತಿರುಗಿಸಿ ಕೊಟ್ಟಿತು.

"ಕಿವಿಯೊಳಗೆ ಎರಡು ಹನಿ ಬಿಡುವ ಭಾವ. ಕೂಡ್ಲೇ ಕೊಡಹ್ತದೆ."

"ಕಿವಿಗೆ ನೀರು ಬಿಟ್ಟರೆ ನೀನೂ ಕೊಡಹ್ತಿ. ಅದು ಒಪ್ಪಿಗೆಯಾ?"

ಸಂಪಾಜೆಯವರು ಕತ್ತಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಕುಕ್ಕುರುಗಾಲಲ್ಲಿ ಕೂತರು. ಹಸಿದ ನೆಂಟರು ವೀಳ್ಯದೆಲೆಯ ತಟ್ಟೆ ಖಾಲಿ ಮಾಡಿದರು. ಬಿಸಿಲು ನೆತ್ತಿಗೇರಿದಾಗ ಅತ್ತೆ ಅಳಲು ಶುರು ಮಾಡಿದರು. ದೈವಕ್ಕೆ ಹರಕೆ ಬೇಡವಾಗಿದೆ, ಮಗನ ಜ್ವರ ತಿರುಗಿ ಬರುತ್ತದೆ ಎಂದು ಅವರ ಹೆದರಿಕೆ. "ನೋಡಿ, ಆಗಲೇ ಬೆವರ್ತಾನೆ!" ಎಂದು ಜಗಲಿಯತ್ತ ಕೈ ತೋರಿಸಿದರು. ಆ ಸೆಕೆಗೆ ಬೆವರದವರು ಅಲ್ಲಿ ಯಾರೂ ಇರಲಿಲ್ಲ. ಆದರೆ ಕಡ್ಡಿಯಂತಾಗಿ ಕೂತಿದ್ದ ಗಂಡನ ಮುಖ ನೋಡಿ ನನ್ನ ಧೈರ್ಯವೂ ಹೋಯಿತು.

"ಮಾವ, ಅದಕ್ಕೆ ನೀರು ಅಭ್ಯಾಸ. ನಾನು ದಿನಾ ಮೀಯಿಸ್ತಿದ್ದೆ," ಎಂದುಬಿಟ್ಟೆ.

"ಆಡಿಗೆ ಸ್ನಾನವಾ!" ಅತ್ತೆಯ ಅಳು ಅಲ್ಲಿಗೇ ನಿಂತಿತು. ಸಂಪಾಜೆಯವರು ನಕ್ಕು ನಕ್ಕು ಕೆಮ್ಮಿದರು. ಮಾವ ನಗಲಿಲ್ಲ. ಕೊಡಪಾನ ತುಂಬಿಸಿ ನನ್ನ ಕೈಗೆ ಕೊಟ್ಟರು.

"ಹಾಗಾದ್ರೆ ನೀನೇ ಕೇಳು. ನಿನ್ನ ಪರಿಚಯ ಅದಕ್ಕೆ ಉಂಟು."

ನಾನು ಸುರಿದೆ. ಆಡು ಅಲುಗಾಡಲಿಲ್ಲ. ಯಾಕೆಂದು ಗೊತ್ತಿದ್ದವಳು ನಾನೊಬ್ಬಳೇ. ದಿನವೂ ನೀರು ಮುಗಿದ ಮೇಲೆ ನಾನು ಖಾಲಿ ಕೊಡಪಾನವನ್ನು ಕಲ್ಲಿನ ಮೇಲೆ ಠಣ್ಣೆಂದು ಕವುಚಿ ಹಾಕುತ್ತಿದ್ದೆ. ಆ ಸದ್ದಾದ ಮೇಲೆಯೇ ಅದು ಮೈ ಕೊಡಹುವುದು. ಕವುಚದೆ ಕೈಯಲ್ಲೇ ಹಿಡಿದುಕೊಂಡರೆ ಸಂಜೆಯವರೆಗೂ ಹಾಗೆಯೇ ನಿಂತಿರುತ್ತಿತ್ತು, ಮಾವನೂ ಕತ್ತಿ ಎತ್ತಲು ಬಿಡುತ್ತಿರಲಿಲ್ಲ. ಆಡನ್ನು ನೋಡಿದೆ, ಜಗಲಿಯನ್ನು ನೋಡಿದೆ. ಕೊಡಪಾನ ಕವುಚಿದೆ.

ಕೊಂಬಿನಿಂದ ಬಾಲದವರೆಗೆ ಅದು ಕೊಡಹಿದ ರಭಸಕ್ಕೆ ಮಾವನ ಮುಖವೆಲ್ಲ ಒದ್ದೆಯಾಯಿತು.

"ಪೂರ್ತಿ ಮೈ!" ಮಾವನ ಕಣ್ಣಲ್ಲಿ ನೀರೇ ಬಂದಿತ್ತು. "ನೀನು ಎದುರಲ್ಲೇ ನಿಲ್ಲು ಮಗಳೇ. ಅದು ಹೆದರುದು ಬೇಡ."

ನಿಂತೆ. ಅದು ಹೆದರಲಿಲ್ಲ, ನನ್ನನ್ನೇ ನೋಡುತ್ತಿತ್ತು. ಸಂಪಾಜೆಯವರು ಎರಡನೆಯ ಪೆಟ್ಟು ಹಾಕಬೇಕಾಗಲಿಲ್ಲ.

ಊಟಕ್ಕೆ ಕೂತಾಗ ಮಾವ ಎಲ್ಲರೆದುರು ನನ್ನನ್ನು ಹೊಗಳಿದರು: "ಇವಳು ಕೇಳಿದ್ರೆ ಆಡು ಇಲ್ಲ ಅನ್ನುದಿಲ್ಲ." ಅಲ್ಲಿಂದ ಮುಂದೆ ಆ ಮನೆಯಲ್ಲಿ ಆಡನ್ನು ಕೇಳುವ ಕೆಲಸ ನನ್ನದೇ ಆಯಿತು. ಗಂಡನಿಗೆ ಜ್ವರ ತಿರುಗಿ ಬರಲಿಲ್ಲ. ಆ ಹೋತ ಮಾತ್ರ ಏನನ್ನೂ ಒಪ್ಪಿರಲಿಲ್ಲ. ಸ್ನಾನ ಮುಗಿಯಿತು ಎಂದುಕೊಂಡಿತ್ತು. ಮಾವ ತೀರಿಕೊಳ್ಳುವವರೆಗೂ ನಾನು ಇದನ್ನು ಅವರಿಗೆ ಹೇಳಲಿಲ್ಲ.