ಒಂದೇ ಟ್ರೆಂಚಿನ ಎರಡು ದಾರಿ

ಕಳೆದ ವಾರ ಕ್ಲಿನಿಕ್ಕಿನಲ್ಲಿ ನರ್ಸ್ ನನ್ನ ತೋಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದಳು. ಮೂಗಿಗೆ ಚುರುಕ್ಕೆನ್ನುವ ಆ ತಣ್ಣನೆಯ ವಾಸನೆ ಬಂದದ್ದೇ ತಡ, ಸೂಜಿಯ ಭಯ ಮರೆತು ನಮ್ಮ ಆಫೀಸಿನ ಸರ್ ನೆನಪಾದರು. ಫೈಬರ್ ಕೇಬಲ್ಲಿನ ಕೂದಲಿನಂಥ ಗಾಜಿನ ಎಳೆಗಳನ್ನು ಬೆಸೆಯುವ ಮೊದಲು ಅವರು ಹೀಗೇ ಸ್ಪಿರಿಟ್‌ನಿಂದ ಒರೆಸುತ್ತಿದ್ದರು. ಬೆಳಕಿಗೆ ಹಿಡಿದು ನೋಡಿ, ನಂಬಿಕೆ ಬಾರದೆ ಮತ್ತೆ ಒರೆಸುತ್ತಿದ್ದರು... ಯಾವುದನ್ನೂ ಸುಲಭಕ್ಕೆ ನಂಬುವ ಮನುಷ್ಯರಲ್ಲ.

ನಾನು ಇಂಜಿನಿಯರಿಂಗ್ ಮುಗಿಸಿ ದಾವಣಗೆರೆಯ ಆ ಟೆಲಿಕಾಂ ಕಂಪನಿಗೆ ಸೇರಿದಾಗ ಅವರು ಅಲ್ಲಿಯ ಹಿರಿಯ ತಂತ್ರಜ್ಞರು. ಬ್ಯಾಂಕು, ಆಸ್ಪತ್ರೆ, ಕಾರ್ಖಾನೆಗಳ ಡೇಟಾವನ್ನು ಊರಿಂದೂರಿಗೆ ಸಾಗಿಸುವುದು ನಮ್ಮ ಕೆಲಸ. ಅದು ಹೇಗೆ ಸಾಗುತ್ತದೆ ಎಂದು ಮೊದಲ ದಿನವೇ ನನಗೆ ಹೇಳಿಕೊಟ್ಟಿದ್ದರು.

"ನೋಡು ತಂಗಿ, ಡೇಟಾ ಅನ್ನೋದು ಒಂದು ಗಂಟು. ಹೊರಡೋ ಕಡೆ ಅದಕ್ಕೊಂದು ಚೀಟಿ ಅಂಟಿಸ್ತೀವಿ. ದಾರ್ಯಾಗಿನ ಯಾವ ಮಷೀನೂ ಗಂಟು ಬಿಚ್ಚಿ ನೋಡಲ್ಲ. ಚೀಟಿ ನೋಡಿ ಮುಂದಕ್ಕೆ ದಾಟಿಸ್ತೈತೆ, ಅಷ್ಟೇ."

ಅಲ್ಲಿಯವರೆಗೆ ಆ ಚೀಟಿಗಳ ದಾರಿಯನ್ನು ಆಯಾ ಊರಿನ ರೂಟರುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಗೊತ್ತು ಮಾಡುತ್ತಿದ್ದವು. ಮುಖ್ಯ ಗ್ರಾಹಕರ ದಾರಿಯನ್ನು ಮಾತ್ರ ಸರ್ ಕೈಯಾರೆ ಹಾಕುತ್ತಿದ್ದರು. ನಾನು ಸೇರಿದ ವರ್ಷವೇ ಕಂಟ್ರೋಲರ್ ಬಂತು. ಬೆಂಗಳೂರಿನಲ್ಲಿ ಕೂತ ಒಂದು ಸಾಫ್ಟ್‌ವೇರ್. ಇಡೀ ಜಾಲದ ನಕ್ಷೆ ಅದರೊಳಗಿತ್ತು. ಎಲ್ಲಿ ದಟ್ಟಣೆ, ಎಲ್ಲಿ ಖಾಲಿ ಎಂದು ಲೆಕ್ಕ ಹಾಕಿ, ಯಾವ ಗಂಟು ಯಾವ ದಾರಿ ಹಿಡಿಯಬೇಕೆಂದು ಅದೇ ತೀರ್ಮಾನಿಸಿ ಎಲ್ಲ ಊರಿನ ರೂಟರುಗಳಿಗೂ ಅಪ್ಪಣೆ ಕಳಿಸುತ್ತಿತ್ತು. ಚೀಟಿ ಹಳೆಯದೇ, ಬರೆಯುವ ಕೈ ಬದಲಾಗಿತ್ತು. ಅರ್ಧ ದಿನದ ಕೆಲಸ ನಿಮಿಷದಲ್ಲಿ ಮುಗಿಯುತ್ತಿತ್ತು. ನನಗದು ಬಹಳ ಹಿಡಿಸಿತು. ಸರ್ ಮಾತ್ರ ಪರದೆಯ ಮುಂದೆ ಕೈಕಟ್ಟಿ ನಿಂತು, "ನೆಲದಾಗ ಏನೈತಂತ ಇದಕ್ಕೆ ಯಾರು ಹೇಳ್ಯಾರ?" ಎನ್ನುತ್ತಿದ್ದರು.

ಒಂದು ದಿನ ಮ್ಯಾನೇಜರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ವಿಷಯ ಹರಿಹರದ ಒಂದು ಆಸ್ಪತ್ರೆಯ ಲೈನು. ಅಲ್ಲಿ ತೆಗೆದ ಸ್ಕ್ಯಾನ್‌ಗಳನ್ನು ದಾವಣಗೆರೆಯ ತಜ್ಞರು ನೋಡಿ ಚಿಕಿತ್ಸೆ ಹೇಳುತ್ತಿದ್ದರು. ಆ ಲೈನಿಗೆ ಕಂಟ್ರೋಲರ್ ಎರಡು ದಾರಿ ಇಟ್ಟಿತ್ತು, ಒಂದು ಮುಖ್ಯ, ಒಂದು ಬದಲಿ. ಬದಲಿ ದಾರಿಯನ್ನು ಯಾರೋ ದಿನಾ ಬೆಳಿಗ್ಗೆ ಆರಕ್ಕೆ ಮಲೇಬೆನ್ನೂರಿನ ಮೇಲೆ ಸುತ್ತು ಹಾಕುವಂತೆ ತಿರುಗಿಸುತ್ತಿದ್ದರು. ಮರುದಿನ ಬೆಳಗಾಗುವಷ್ಟರಲ್ಲಿ ಕಂಟ್ರೋಲರ್ ಅದನ್ನು ಮೊದಲಿನಂತೆ ಮಾಡುತ್ತಿತ್ತು. ಆರಕ್ಕೆ ಮತ್ತೆ ಬದಲು. ಭಾನುವಾರವೂ ತಪ್ಪುತ್ತಿರಲಿಲ್ಲ. ಬದಲಿಸುತ್ತಿದ್ದ ಲಾಗಿನ್ ಸರ್ ಅವರದ್ದು.

"ಕೇಳಿದ್ರೆ, ರೋಡ್ ಅಗಲ ಮಾಡುವಾಗ ಬಾತಿ ಹತ್ರ ಎರಡೂ ಕೇಬಲ್ ಒಂದೇ ಟ್ರೆಂಚ್‌ನಾಗ ಹೂಳ್ಯಾರೆ, ಕಡಿದ್ರೆ ಎರಡೂ ಕಡೀತಾವೆ ಅಂತಾರೆ. ನಕ್ಷ್ಯಾಗೆ ಬ್ಯಾರೆ ಬ್ಯಾರೆ ಅದಾವೆ. ಎಲ್ಲೈತ್ರಿ ದಾಖಲೆ ಅಂದ್ರೆ ಉತ್ತರ ಇಲ್ಲ," ಎಂದು ಮ್ಯಾನೇಜರ್ ದನಿ ತಗ್ಗಿಸಿದರು. "ಹೊಸ ಸಿಸ್ಟಮ್ಮಿಗೆ ಕೆಟ್ಟ ಹೆಸರು ತರಾಕೆ ಏನೋ ಮಾಡಾಕತ್ತಾರೆ ಅಂತ ನನಗೆ ಅನುಮಾನ. ಸ್ವಲ್ಪ ಕಣ್ಣಿಡ್ರಿ ಮೇಡಂ."

ಕಣ್ಣಿಟ್ಟ ಮೇಲೆ ಎಲ್ಲವೂ ಬೇರೆಯಾಗಿ ಕಾಣತೊಡಗಿತು. ಫೋನ್ ಬಂದರೆ ಸರ್ ಹೊರಗೆ ಹೋಗಿ ಯಾಕೆ ಮಾತಾಡುತ್ತಾರೆ? ನಾನು ಹತ್ತಿರ ಹೋದರೆ ಡೈರಿ ಯಾಕೆ ಮುಚ್ಚುತ್ತಾರೆ? ಒಮ್ಮೆ ಅವರ ಜೇಬಿನಿಂದ ಮಾತ್ರೆಯ ಹಾಳೆ ಬಿತ್ತು. ನಾನು ಬಗ್ಗುವ ಮೊದಲೇ ಹೆಕ್ಕಿ ಒಳಗಿಟ್ಟುಕೊಂಡರು. ಆಫೀಸಿನಲ್ಲಿ ಟೀ ಕುಡಿಯುವುದನ್ನೂ ಬಿಟ್ಟಿದ್ದರು. ಬಹುಶಃ ಅವರಿಗೂ ನಮ್ಮೆಲ್ಲರ ಮೇಲೆ ಅನುಮಾನ ಬಂದಿತ್ತು...

ಒಂದು ಭಾನುವಾರ ನನ್ನ ಸ್ಕೂಟಿಯಲ್ಲಿ ಅವರ ಮೊಪೆಡ್ಡಿನ ಹಿಂದೆ ಹೊರಟೆ. ನಿಟ್ಟುವಳ್ಳಿಯ ಮನೆಯಿಂದ ಹೊರಟವರು ಹರಿಹರದ ರಸ್ತೆ ಹಿಡಿದು ಬಾತಿಯ ಹತ್ತಿರ ಇಳಿದರು. ಅತ್ತಿತ್ತ ನೋಡಿ, ಚೀಲದಿಂದ ಕಬ್ಬಿಣದ ಸರಳು ತೆಗೆದು ರಸ್ತೆಯಂಚಿನ ಮಣ್ಣಿಗೆ ಚುಚ್ಚಿದರು. ಕುಕ್ಕರಗಾಲಲ್ಲಿ ಕೂತು ಏನೋ ಮಾಡಿದರು. ಮರದ ಮರೆಯಿಂದ ಮೊಬೈಲಿನಲ್ಲಿ ಫೋಟೋ ತೆಗೆದು ಅಲ್ಲಿಂದಲೇ ಮ್ಯಾನೇಜರಿಗೆ ಕಳಿಸಿದೆ.

ಸೋಮವಾರ ಸರ್ ಅವರ ಲಾಗಿನ್ ಬಂದ್ ಆಯಿತು. ಅವರು ನನ್ನ ಮೇಜಿನ ಹತ್ತಿರ ಬಂದು, "ತಂಗಿ, ಆಸ್ಪತ್ರೆ ಲೈನ್ ಒಂದನ್ನಾರ ಮಲೇಬೆನ್ನೂರಿನ ಮ್ಯಾಲೆ ಹಾಕಮ್ಮ. ನನ್ನ ನಂಬಬ್ಯಾಡ, ಒಂದ್ಸಲ ಬಾತಿಗೆ ಬಂದು ನೀನೇ ನೋಡು," ಎಂದರು. ನಾನು ನೋಡೋಣ ಸರ್ ಎಂದೆ. ನೋಡಲಿಲ್ಲ.

ಇನ್ನೊಂದು ವಾರ ಗಮನಿಸಿ ಎಂದಿದ್ದರು ಮ್ಯಾನೇಜರ್. ಮುಂದಿನ ಭಾನುವಾರ ಮತ್ತೆ ಹಿಂಬಾಲಿಸಿದೆ. ಈ ಸಲ ಅವರ ಮೊಪೆಡ್ಡಿನ ಹಿಂದೆ ಹೆಂಗಸೊಬ್ಬರು ಕೂತಿದ್ದರು. ಬಾತಿಯಲ್ಲಿ ನಿಲ್ಲಲೇ ಇಲ್ಲ. ಹರಿಹರ ದಾಟಿ, ಮನಸ್ಸಿನ ಕಾಯಿಲೆಯವರನ್ನು ಹರಕೆ ಹೊತ್ತು ಕರೆತರುವ ಉಕ್ಕಡಗಾತ್ರಿಗೆ ಹೋದರು. ದೇವಸ್ಥಾನದ ಕೆಳಗೆ, ಹೊಳೆಯ ಮೆಟ್ಟಿಲ ಮೇಲೆ ಆ ಹೆಂಗಸು ಕೂದಲು ಕೆದರಿಕೊಂಡು ಒಬ್ಬರೇ ಏನೋ ಗೊಣಗುತ್ತಿದ್ದರು. ಸರ್ ಹಿಂದೆ ಕೂತು ಅವರ ತಲೆ ಬಾಚುತ್ತಿದ್ದರು. ಸಿಕ್ಕು ಬಂದಲ್ಲಿ ಕೈಯಿಂದ ಬಿಡಿಸಿ, ಮತ್ತೆ ಬಾಚಿ... ಅವರ ಹೆಂಡತಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹೆಂಡತಿಯ ಕಾಯಿಲೆಯ ಮಾತನ್ನು ಅವರು ಆಫೀಸಿನಲ್ಲಿ ಒಮ್ಮೆಯೂ ಆಡಿರಲಿಲ್ಲ.

ನಾಚಿಕೆಯಿಂದ ತಿರುಗಿ ಹೊರಟಾಗ ಫೋನ್ ಬಂತು. ಹರಿಹರದ ಎರಡೂ ಕೇಬಲ್ ಬಾತಿಯ ಹತ್ತಿರ ಒಟ್ಟಿಗೇ ಕಡಿದುಹೋಗಿದ್ದವು. ಅದೇ ಹೊತ್ತಿಗೆ ಆ ಆಸ್ಪತ್ರೆಗೆ ಲಕ್ವ ಹೊಡೆದ ಹೆಂಗಸೊಬ್ಬರನ್ನು ಕರೆತಂದಿದ್ದರು. ಸ್ಕ್ಯಾನ್ ಕಳಿಸಲಾಗದೆ ಕಾದು, ಕೊನೆಗೆ ಆಂಬುಲೆನ್ಸಿನಲ್ಲಿ ದಾವಣಗೆರೆಗೆ ತಂದರು. ಜೀವ ಉಳಿಯಿತು. ಮಾತು ಮರಳಲಿಲ್ಲ ಎಂದು ಆಮೇಲೆ ಕೇಳಿದೆ.

ವಿಚಾರಣೆ ನಡೆಯಿತು. ರಿಪೇರಿಗೆ ಹೋದವರಿಗೆ ಅಲ್ಲಿ ಹಾರೆಯಿಂದ ತೋಡಿದ ಗುಂಡಿ ಸಿಕ್ಕಿತ್ತು, ತೋಡಿದವರು ಸಿಕ್ಕಿರಲಿಲ್ಲ. "ಎರಡೂ ಕೇಬಲ್ ಅಲ್ಲಿ ಒಂದೇ ಕಡೆ ಅದಾವಂತ ಗೊತ್ತಿದ್ದಿದ್ದು ಒಬ್ಬರಿಗೇ," ಎಂದು ಮ್ಯಾನೇಜರ್ ನನ್ನ ಫೋಟೋವನ್ನು ಮೇಜಿನ ಮೇಲಿಟ್ಟರು. ಸರ್ ಹೇಳಿದ್ದು ನಿಜವಾಗಿತ್ತು. ಆ ನಿಜವೇ ಅವರ ಕೊರಳಿಗೆ ಬಿತ್ತು.

"ಭಾನುವಾರ ಎಲ್ಲಿದ್ರಿ?"

"ಮನ್ಯಾಗಿದ್ದೆ."

"ಮನಿ ಬೀಗ ಹಾಕಿತ್ತು ಅಂತಾರಲ್ರೀ ಪಕ್ಕದವರು?"

ಸರ್ ತಲೆ ತಗ್ಗಿಸಿದರು. ಆಮೇಲೆ ಒಂದು ಸಲ, ಒಂದೇ ಸಲ, ನನ್ನ ಕಡೆ ನೋಡಿದರು. ನಾನು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಆದರೆ ನೀವು ಅಲ್ಲಿಗೆ ಯಾಕೆ ಹೋಗಿದ್ದಿರಿ ಎಂದು ಅವರೆದುರೇ ಕೇಳುತ್ತಾರೆ. ಫೋಟೋ ತೆಗೆದವಳು ನಾನೇ ಎಂದು ಗೊತ್ತಾಗುತ್ತದೆ. ನಾನು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಾ ಕೂತೆ. ಆ ವಾರವೇ ಅವರಿಂದ ರಾಜೀನಾಮೆ ಬರೆಸಿಕೊಂಡರು.

ಕೆಲವು ತಿಂಗಳಾದ ಮೇಲೆ ಬಾತಿಯ ರಸ್ತೆಯಂಚಿನ ಟೀ ಅಂಗಡಿಯವರು ನಮ್ಮ ಲೈನಿನವರೊಂದಿಗೆ ಮಾತಾಡುತ್ತಾ ಒಪ್ಪಿಕೊಂಡರು. ಬೋರ್ಡಿನ ಕಂಬ ನೆಡಲು ಗುಂಡಿ ತೋಡಿದ್ದು ಅವರೇ. ಹಾರೆಗೆ ಕೇಬಲ್ ಸಿಕ್ಕಾಗ ಹೆದರಿ ಓಡಿಹೋಗಿದ್ದರಂತೆ. ಮ್ಯಾನೇಜರ್ ಅದನ್ನು ಕೇಳಿ ಫೈಲ್ ಮುಚ್ಚಿದರು. ಸರ್‌ಗೆ ಯಾರೂ ಫೋನ್ ಮಾಡಲಿಲ್ಲ.

ನಾನೇ ನಿಟ್ಟುವಳ್ಳಿಗೆ ಹೋದೆ. "ಬಾ ತಂಗಿ, ಕೂಡು," ಎಂದು ಚಾಪೆ ಹಾಸಿದರು. ಒಳಗೆ ಅವರ ಹೆಂಡತಿ ಮಲಗಿದ್ದರು. ಫೋಟೋದ ಮಾತನ್ನು ಹೇಗೋ ಹೇಳಿ ಮುಗಿಸಿದೆ. ಅವರು ಎದ್ದು ಒಳಕೋಣೆಯ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಬಂದು ಕೂತರು.

"ಸರಳು ಚುಚ್ಚಿ ಆಳ ನೋಡ್ತಿದ್ದೆ. ದಾಖಲೆ ಕೇಳಿದ್ರಲ್ಲ, ಅದನ್ನೇ ಬರಿಯಾಕೆ," ಎಂದರು. "ಉಕ್ಕಡಗಾತ್ರ್ಯಾಗೆ ನಿನ್ನ ಗಾಡಿ ನೋಡಿದ್ದೆ ತಂಗಿ. ಇವಳ ವಿಷಯ ನಾಲ್ಕು ಜನದ ಮುಂದೆ ನನ್ನ ಬಾಯಾಗೆ ಬರ್ಲಿಲ್ಲ. ನೀನು ಹೇಳ್ತೀಯೇನೋ ಅಂತ ಕುಂತಿದ್ದೆ."

ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ... ಏಳುವಾಗ ಡೈರಿಯಿಂದ ಒಂದು ಹಾಳೆ ಹರಿದು ಕೊಟ್ಟರು. ಬಾತಿಯ ಟ್ರೆಂಚು, ಕಲ್ಲಿನಿಂದ ಕಲ್ಲಿಗೆ ಅಳತೆ ಹಾಕಿ ಪೆನ್ಸಿಲ್ಲಿನಲ್ಲಿ ಬರೆದದ್ದು. ನಾನು ಅದನ್ನು ಕಂಟ್ರೋಲರಿಗೆ ತುಂಬಿದೆ. ಅಂದಿನಿಂದ ಆಸ್ಪತ್ರೆಯ ಬದಲಿ ದಾರಿಯನ್ನು ಅದು ತಾನಾಗಿಯೇ ಮಲೇಬೆನ್ನೂರಿನ ಮೇಲೆ ಹಾಕುತ್ತದೆ.

ಸರ್ ತೀರಿಕೊಂಡು ಎರಡು ವರ್ಷವಾಯಿತು. ಹೆಂಡತಿಯನ್ನು ಆಕೆಯ ತಮ್ಮ ಕರೆದುಕೊಂಡು ಹೋದರಂತೆ, ಯಾವ ಊರಿಗೆಂದು ಗೊತ್ತಾಗಲಿಲ್ಲ. ಕ್ಲಿನಿಕ್ಕಿನಿಂದ ಬಂದ ದಿನ ಕಂಟ್ರೋಲರಿನಲ್ಲಿ ಬಾತಿಯ ದಾಖಲೆ ತೆಗೆದು ನೋಡಿದೆ. ಮಾಹಿತಿ ಕೊಟ್ಟವರು ಎಂಬಲ್ಲಿ ನನ್ನ ಹೆಸರಿದೆ. ಅಳಿಸಿ ಅವರ ಹೆಸರು ಹಾಕಿದೆ. ಕಂಟ್ರೋಲರ್, ಇಂಥ ನೌಕರರು ಇಲ್ಲ ಎಂದು ತೋರಿಸಿ ಮತ್ತೆ ನನ್ನ ಹೆಸರನ್ನೇ ತಂದಿಟ್ಟಿತು.